ವೃತ್ತಿಯಿಂದ ವೇದಿಕೆಗೆ: ಕೆಲಸ ಬಿಡುವ ಮೊದಲು ತೂಗಿ ನೋಡಬೇಕಾದ ದಾರಿಗಳು

ಹದಿನೈದು ಇಪ್ಪತ್ತು ವರ್ಷ ಒಂದೇ ವೃತ್ತಿಯಲ್ಲಿ ಪಳಗಿದವರು ಭಾಷಣವನ್ನು ಕಸುಬಾಗಿ ಮಾಡಿಕೊಳ್ಳಲು ಹೊರಟಾಗ ಮೊದಲು ಕೇಳುವ ಪ್ರಶ್ನೆ, ಕೆಲಸವನ್ನು ಯಾವಾಗ ಬಿಡಬೇಕು ಎಂಬುದು. ಅದು ಮೂರನೆಯದೋ ನಾಲ್ಕನೆಯದೋ ಆಗಬೇಕಾದ ಪ್ರಶ್ನೆ. ಅದಕ್ಕೂ ಮುಂಚೆ ತೀರ್ಮಾನವಾಗಬೇಕಾದದ್ದು, ನೀವು ಯಾವ ಬಗೆಯ ಮಾತನ್ನು ಮಾರಲು ಹೊರಟಿದ್ದೀರಿ, ಅದಕ್ಕೆ ಹಣ ಕೊಡುವವರು ಯಾರು ಎಂಬುದು. ಸಮ್ಮೇಳನದ ಆಶಯ ಭಾಷಣ, ಸಂಸ್ಥೆಯೊಂದರ ಒಳಗೆ ನಡೆಸುವ ಕಾರ್ಯಾಗಾರ, ಗೋಷ್ಠಿಯ ನಿರೂಪಣೆ, ಟಿಕೆಟ್ ಇಟ್ಟು ನೀವೇ ಏರ್ಪಡಿಸುವ ಉಪನ್ಯಾಸ, ಈ ನಾಲ್ಕೂ ಸಭಿಕರ ಕಣ್ಣಿಗೆ ಒಂದೇ ಬಗೆಯಾಗಿ ಕಾಣುತ್ತವೆ: ಒಬ್ಬರು ಮೈಕಿನ ಮುಂದೆ ನಿಂತು ಮಾತನಾಡುತ್ತಾರೆ, ಉಳಿದವರು ಕೇಳುತ್ತಾರೆ. ಹಣದ ಲೆಕ್ಕಕ್ಕೆ ಬಂದರೆ ನಾಲ್ಕೂ ಬೇರೆ ಬೇರೆ ಕಸುಬುಗಳು.

ಕೆಲವು ವರ್ಷ ನಾನು ಸಮ್ಮೇಳನಗಳಿಗೆ ಭಾಷಣಕಾರರನ್ನು ಆರಿಸುವ ಸಮಿತಿಯಲ್ಲಿದ್ದೆ. ಆದ್ದರಿಂದ ಮುಂದೆ ಬರುವ ಹೋಲಿಕೆ ಹೆಚ್ಚಾಗಿ ಹಣ ಕೊಡುವವರ ಕಣ್ಣಿನಿಂದ ನೋಡಿದ್ದು. ವೇದಿಕೆಯ ಮೇಲಿನ ಹುರುಪಿನ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ.

ಆಶಯ ಭಾಷಣವೋ, ಕಾರ್ಯಾಗಾರವೋ?

ನಿಜವಾದ ಆಯ್ಕೆ ಇರುವುದು ಇಲ್ಲಿ, ಹಾಗಾಗಿ ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಆಶಯ ಭಾಷಣ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯದು. ಅದನ್ನು ಕೊಳ್ಳುವವರು ಕಾರ್ಯಕ್ರಮದ ಸಂಘಟಕರು. ಅವರಿಗೆ ದಿನಾಂಕ ಗೊತ್ತಾಗಿದೆ, ಸಭಾಂಗಣ ಗೊತ್ತಾಗಿದೆ, ಬೆಳಗಿನ ಮೊದಲ ಅವಧಿಗೆ ಮಾತ್ರ ಹೆಸರು ಸಿಕ್ಕಿಲ್ಲ. ಅವರ ಅಂಜಿಕೆಯೂ ಒಂದೇ: ಮೊದಲ ಅವಧಿ ಸಪ್ಪೆಯಾದರೆ ಇಡೀ ದಿನ ಸಪ್ಪೆಯಾಗುತ್ತದೆ. ಆದ್ದರಿಂದ ಅವರು ಹುಡುಕುವುದು ಭರವಸೆಯ ಹೆಸರನ್ನು ಅಥವಾ ಭರವಸೆ ಹುಟ್ಟಿಸುವ ವಿಡಿಯೊವನ್ನು. ನಿಮ್ಮ ಮಾತು ಕೇಳಿದವರ ಕೆಲಸದಲ್ಲಿ ಮೂರು ತಿಂಗಳ ನಂತರ ಏನು ಬದಲಾಯಿತು ಎಂದು ಅವರು ನೋಡಲು ಹೋಗುವುದಿಲ್ಲ. ಆ ಹೊತ್ತಿಗೆ ಅವರು ಮುಂದಿನ ವರ್ಷದ ಸಮ್ಮೇಳನದಲ್ಲಿ ಮುಳುಗಿರುತ್ತಾರೆ, ಮತ್ತು ಮುಂದಿನ ವರ್ಷಕ್ಕೆ ಬೇರೆ ಹೆಸರು ಬೇಕು. ಭಾಷಣ ಎಷ್ಟೇ ಚೆನ್ನಾಗಿದ್ದರೂ ಅದೇ ವೇದಿಕೆಗೆ ಮರುವರ್ಷವೂ ಕರೆಸುವುದು ಅಪರೂಪ.

ಕಾರ್ಯಾಗಾರವನ್ನು ಕೊಳ್ಳುವವರು ಒಂದು ಸಂಸ್ಥೆಯ ತರಬೇತಿ ವಿಭಾಗದವರು, ಇಲ್ಲವೆ ಯಾವುದಾದರೂ ವಿಭಾಗದ ಮುಖ್ಯಸ್ಥರು. ಅವರಿಗೆ ಖಾಲಿ ಅವಧಿಯ ಚಿಂತೆಯಿಲ್ಲ. ದಿನನಿತ್ಯ ಕಾಡುವ ಒಂದು ತೊಂದರೆ ಇದೆ. ವರದಿಗಳು ತಡವಾಗುತ್ತಿವೆ, ಗ್ರಾಹಕರ ದೂರುಗಳು ಹೆಚ್ಚಿವೆ, ಕಿರಿಯರು ಹಿರಿಯರ ಎದುರು ಬಾಯಿ ಬಿಡುವುದಿಲ್ಲ. ಆ ತೊಂದರೆ ಸ್ವಲ್ಪ ತಗ್ಗಿದರೂ ಅವರು ನಿಮ್ಮನ್ನು ಮತ್ತೆ ಕರೆಸುತ್ತಾರೆ, ಪಕ್ಕದ ವಿಭಾಗಕ್ಕೂ ಹೇಳುತ್ತಾರೆ. ಅವರು ಕೊಂಡದ್ದು ನಿಮ್ಮ ಹೆಸರನ್ನಲ್ಲ, ನಿಮ್ಮ ಕೈಚಳಕವನ್ನು.

ಒಂದೇ ಸರಕು ಈ ಎರಡು ರೂಪದಲ್ಲಿ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ವಿಮಾನ ಚಾಲಕರಷ್ಟು ಒಳ್ಳೆಯ ಉದಾಹರಣೆ ಇಲ್ಲ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ವಿಮಾನ ನಿಲ್ದಾಣದ ರನ್‌ವೇಯಲ್ಲಿ, ದಟ್ಟ ಮಂಜಿನಲ್ಲಿ, ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಸಂಸ್ಥೆಗಳ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಇನ್ನೊಂದು ವಿಮಾನ ರನ್‌ವೇಯಿಂದ ಹೊರಗೆ ಹೋಗಿದೆಯೇ ಎಂಬ ಅನುಮಾನ ಕೆಎಲ್‌ಎಂ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಬಂದಿತ್ತು. ಅವರು ಅದನ್ನು ಬಾಯಿಬಿಟ್ಟು ಕೇಳಿಯೂ ಇದ್ದರು. ಕ್ಯಾಪ್ಟನ್ ಹೊರಗೆ ಹೋಗಿದೆ ಎಂದರು, ವಿಮಾನ ಮುಂದೆ ಓಡಿತು. ಇಂತಹ ದುರಂತಗಳ ಬೆನ್ನಿಗೆ 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ಒಂದು ತರಬೇತಿ ಪದ್ಧತಿ ಬೆಳೆಯಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಅದನ್ನು ತನ್ನ ಸಿಬ್ಬಂದಿಗೆ ಕೊಡತೊಡಗಿತು. ಕಿರಿಯರು ಅನುಮಾನವನ್ನು ಸ್ಪಷ್ಟವಾಗಿ ಹೇಳುವುದು, ಹಿರಿಯರು ಅದನ್ನು ಕೇಳಿಸಿಕೊಳ್ಳುವುದು ಅದರ ತಿರುಳು. ಮುಂದೆ ಈ ಪದ್ಧತಿ ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ಕೊಠಡಿಗಳಿಗೂ ಹೋಯಿತು.

ಒಬ್ಬ ವಿಮಾನ ಚಾಲಕಿ ಇದೇ ವಿಷಯವನ್ನು ಇಟ್ಟುಕೊಂಡು ಭಾಷಣಕ್ಕೆ ಇಳಿಯುತ್ತಾರೆ ಎಂದುಕೊಳ್ಳಿ. ಆಶಯ ಭಾಷಣವಾದರೆ ಅವರು ಮಂಜನ್ನು ವರ್ಣಿಸುತ್ತಾರೆ, ಎಂಜಿನಿಯರ್ ಕೇಳಿದ ಪ್ರಶ್ನೆಯ ಬಳಿ ಮಾತು ನಿಲ್ಲಿಸುತ್ತಾರೆ, ಸಭೆ ಉಸಿರು ಬಿಗಿಹಿಡಿಯುತ್ತದೆ. ಚಪ್ಪಾಳೆ ಬರುತ್ತದೆ. ಕೇಳಿದವರು ತಮ್ಮ ಆಸ್ಪತ್ರೆಗೋ ಕಾರ್ಖಾನೆಗೋ ಮರಳಿ ಎಂದಿನಂತೆಯೇ ಕೆಲಸ ಮಾಡುತ್ತಾರೆ. ಕಾರ್ಯಾಗಾರವಾದರೆ ಆ ಕಥೆಗೆ ಸಿಗುವುದು ಹತ್ತು ನಿಮಿಷ ಮಾತ್ರ. ಉಳಿದ ಹೊತ್ತೆಲ್ಲ ನರ್ಸ್, ಅರಿವಳಿಕೆ ತಜ್ಞ ಮತ್ತು ಶಸ್ತ್ರಚಿಕಿತ್ಸಕರನ್ನು ಒಂದು ಮೇಜಿನ ಸುತ್ತ ಕೂರಿಸಿ, 'ನನಗೆ ಆತಂಕವಿದೆ, ಒಂದು ನಿಮಿಷ ನಿಲ್ಲಿಸೋಣ' ಎಂಬ ವಾಕ್ಯವನ್ನು ನರ್ಸಿನಿಂದ ಗಟ್ಟಿಯಾಗಿ ಹೇಳಿಸಬೇಕು. ಮೊದಲ ಸಲ ಅದು ಪಿಸುಮಾತಿನಂತೆ ಬರುತ್ತದೆ. ಎರಡನೆಯ ಸಲ ಶಸ್ತ್ರಚಿಕಿತ್ಸಕರು ನಗುತ್ತಾರೆ. ಆ ನಗುವನ್ನು ಅಲ್ಲಿಯೇ ಹಿಡಿದು, ಯಾರ ಮುಖಕ್ಕೂ ಮಸಿ ಬಳಿಯದೆ ಚರ್ಚೆಗೆ ತರುವುದು ಕಾರ್ಯಾಗಾರ ನಡೆಸುವವರ ವಿದ್ಯೆ. ಅಲ್ಲಿ ಮಾತುಗಾರಿಕೆಗಿಂತ ಎದುರಿಗಿರುವವರನ್ನು ಗಮನಿಸುವ ಕಣ್ಣು ಮುಖ್ಯ.

ಈಗ ಎರಡನ್ನೂ ಅಕ್ಕಪಕ್ಕ ಇಡಬಹುದು. ಗಂಟೆಯ ಲೆಕ್ಕದಲ್ಲಿ ಆಶಯ ಭಾಷಣದ ಸಂಭಾವನೆ ಹೆಚ್ಚು. ವರ್ಷದ ಲೆಕ್ಕದಲ್ಲಿ, ಹೊಸಬರ ಮಟ್ಟಿಗಂತೂ, ಕಾರ್ಯಾಗಾರದ ಗಳಿಕೆಯೇ ಹೆಚ್ಚು ಭರವಸೆಯದು. ಆಶಯ ಭಾಷಣಕ್ಕೆ ಸ್ಪರ್ಧಿಗಳು ನಿಮ್ಮ ಕ್ಷೇತ್ರದವರಷ್ಟೇ ಅಲ್ಲ. ಒಲಿಂಪಿಕ್ ಪದಕ ಗೆದ್ದವರು, ಎವರೆಸ್ಟ್ ಏರಿದವರು, ದೂರದರ್ಶನದ ಮುಖಗಳು ಎಲ್ಲರೂ ಅದೇ ಅವಧಿಗೆ ಸಾಲಿನಲ್ಲಿದ್ದಾರೆ. ಕಾರ್ಯಾಗಾರಕ್ಕೆ ಸ್ಪರ್ಧಿಗಳು ಆ ಒಂದು ತೊಂದರೆಯನ್ನು ಬಲ್ಲ ಕೆಲವರು ಮಾತ್ರ, ಮತ್ತು ಅಲ್ಲಿ ನಿಮ್ಮ ಇಪ್ಪತ್ತು ವರ್ಷದ ಅನುಭವಕ್ಕೆ ನೇರ ಬೆಲೆ ಇದೆ. ಆಶಯ ಭಾಷಣವನ್ನು ಒಮ್ಮೆ ಗಟ್ಟಿಯಾಗಿ ಕಟ್ಟಿದರೆ ಸಣ್ಣಪುಟ್ಟ ಬದಲಾವಣೆಯೊಂದಿಗೆ ಎಷ್ಟೋ ಸಲ ಕೊಡಬಹುದು. ಕಾರ್ಯಾಗಾರವನ್ನು ಪ್ರತಿ ಸಂಸ್ಥೆಗೂ ಹೊಂದಿಸಬೇಕು, ಮೊದಲೇ ನಾಲ್ಕಾರು ಜನರೊಂದಿಗೆ ಮಾತನಾಡಿ ಅವರ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕು. ಮೈ ದಣಿಯುತ್ತದೆ, ಗಂಟಲೂ ದಣಿಯುತ್ತದೆ.

ನನ್ನ ತೀರ್ಪು ಹೀಗಿದೆ: ದೊಡ್ಡ ಹೆಸರು ಈಗಾಗಲೇ ಇಲ್ಲದವರು ಕಾರ್ಯಾಗಾರದಿಂದಲೇ ಶುರುಮಾಡಬೇಕು. ಆಶಯ ಭಾಷಣಕ್ಕೆ ಬೇಕಾದ ಕಥೆಗಳು ಕಾರ್ಯಾಗಾರದಲ್ಲಿ ಸಿಗುತ್ತವೆ. ಸಭಾಂಗಣದಿಂದ ಸಭಾಂಗಣಕ್ಕೆ ಓಡುವವರ ಬಳಿ ಎರಡು ವರ್ಷದ ನಂತರ ಹೊಸ ಕಥೆ ಉಳಿದಿರುವುದಿಲ್ಲ. ಅದೇ ಸವಕಲು ಪ್ರಸಂಗ, ಅದೇ ಜಾಗದಲ್ಲಿ ಅದೇ ನಿಟ್ಟುಸಿರು. ಆರಿಸುವ ಸಮಿತಿಯವರಿಗೆ ಇದು ಬಹಳ ಬೇಗ ಗೊತ್ತಾಗುತ್ತದೆ.

ಉಳಿದ ಎರಡರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗೋಷ್ಠಿ ನಿರೂಪಣೆ ಪತ್ರಕರ್ತರಿಗೂ ವಕೀಲರಿಗೂ ಒಗ್ಗುವ ಕೆಲಸ. ಬೇರೆಯವರ ಮಾತನ್ನು ಹೊಳೆಯಿಸುವ ಗುಣ ಇದ್ದವರು ಅದರಲ್ಲಿ ನೆಲೆಯೂರುತ್ತಾರೆ, ಆದರೆ ನಿರೂಪಕರಾಗಿ ಹೆಸರಾದವರನ್ನು ಸಂಘಟಕರು ಭಾಷಣಕ್ಕೆ ನೆನೆಸಿಕೊಳ್ಳುವುದು ಕಡಿಮೆ. ಟಿಕೆಟ್ ಇಟ್ಟು ಉಪನ್ಯಾಸ ಮಾಡಲು ನಿಮ್ಮ ಹೆಸರಿಗೇ ಜನ ಬರುವಂತಿರಬೇಕು. ಆನ್‌ಲೈನ್ ಭಾಷಣವನ್ನು ಬೇರೆ ದಾರಿ ಎಂದು ನಾನು ಎಣಿಸುವುದಿಲ್ಲ. ಪ್ರಯಾಣ ಉಳಿಯುತ್ತದೆ, ಸಂಭಾವನೆಯೂ ಇಳಿಯುತ್ತದೆ, ಕೇಳುಗರ ಮುಖ ಕಾಣದ ಕಾರಣ ಹೊಸಬರು ಅದರಿಂದ ಕಲಿಯುವುದೂ ಕಡಿಮೆ.

ಯಾವ ವೃತ್ತಿಯಿಂದ ಬಂದವರಿಗೆ ಎಲ್ಲಿ ಕಷ್ಟ?

ಅಧ್ಯಾಪಕರು ತಮಗೆ ಇದು ನೀರು ಕುಡಿದಷ್ಟು ಸುಲಭ ಎಂದುಕೊಂಡು ಬರುತ್ತಾರೆ. ನಿಜ, ಸಭಾಕಂಪ ಅವರಿಗಿಲ್ಲ. ಆದರೆ ತರಗತಿಯಲ್ಲಿ ಕೂತವರು ಪರೀಕ್ಷೆಗಾಗಿ ಕೂತವರು. ಬೇಸರವಾದರೂ ಎದ್ದು ಹೋಗುವಂತಿಲ್ಲ. ಹಣ ಕೊಟ್ಟ ಸಭೆಗೆ ಆ ಹಂಗಿಲ್ಲ. ಮೊದಲ ಹತ್ತು ನಿಮಿಷ ಪೀಠಿಕೆ ಹಾಕುವ ಅಧ್ಯಾಪಕರ ಅಭ್ಯಾಸವೇ ಅವರಿಗೆ ಮುಳುವಾಗುತ್ತದೆ.

ವಕೀಲರಿಗೆ ಪ್ರತಿ ಮಾತಿಗೂ ಒಂದು ಅಪವಾದ ಸೇರಿಸದಿದ್ದರೆ ಸಮಾಧಾನವಿಲ್ಲ. ಎಂಜಿನಿಯರುಗಳು ಪರದೆಯ ಮೇಲೆ ಇಡೀ ವರದಿಯನ್ನೇ ತುಂಬುತ್ತಾರೆ. ವೈದ್ಯರ ಬಳಿ ಕಥೆಗಳ ರಾಶಿಯೇ ಇದೆ, ಆದರೆ ಅವುಗಳಲ್ಲಿ ಬಹುಪಾಲು ಅವರ ಸ್ವತ್ತಲ್ಲ, ರೋಗಿಗಳದು. ಹೆಸರು ಬದಲಿಸಿದರೆ ಸಾಲದು. ವಯಸ್ಸು, ಕಾಯಿಲೆ, ವರ್ಷ ಮೂರೂ ಸೇರಿದರೆ ಆ ಊರಿನವರಿಗೆ ಯಾರೆಂದು ತಿಳಿಯುತ್ತದೆ. ಲೆಕ್ಕಪರಿಶೋಧಕರು ತಮ್ಮ ವಿಷಯ ಯಾರಿಗೆ ಬೇಕು ಎಂದು ಹಿಂಜರಿಯುತ್ತಾರೆ. ನನ್ನನ್ನು ಕೇಳಿದರೆ ಅವರಿಗೇ ಅವಕಾಶ ಹೆಚ್ಚು: ಕಂಪನಿಯೊಳಗಿನ ಮೋಸ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಕಾಗದಪತ್ರ ಸಮೇತ ಹೇಳಬಲ್ಲವರನ್ನು ಕೇಳಲು ಯಾವ ಆಡಳಿತ ಮಂಡಳಿಯೂ ತುದಿಗಾಲಲ್ಲಿ ನಿಂತಿರುತ್ತದೆ.

ಒಂದು ಪರೀಕ್ಷೆ ಎಲ್ಲರಿಗೂ ಅನ್ವಯಿಸುತ್ತದೆ. ನಿಮ್ಮ ವಿಷಯವನ್ನು ಕೇಳಿ ನಿಮ್ಮದೇ ವೃತ್ತಿಯವರು ತಲೆದೂಗಿದರೆ ಅದು ಗೌರವ. ಬೇರೆ ವೃತ್ತಿಯವರು ಕೇಳಿ 'ಇದು ನಮ್ಮಲ್ಲೂ ನಡೆಯುತ್ತದೆ' ಎಂದರೆ ಅದು ಮಾರುಕಟ್ಟೆ. ಸ್ವಂತ ವೃತ್ತಿಯವರ ಸಂಘಗಳು ಮಾತಿಗೆ ಕರೆಯುವುದು ಸುಲಭ, ಹಣ ಕೊಡುವುದು ಕಷ್ಟ. ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬಿಟ್ಟಿಯಾಗಿಯೇ ಮಾತನಾಡುವ ರೂಢಿ.

ಪೂರ್ತಿ ಬಿಡುವುದು, ಅರ್ಧ ಬಿಡುವುದು, ಬಿಡದೆಯೇ ಮಾಡುವುದು

ಇದು ಹೊಸ ಪ್ರಶ್ನೆಯೇನಲ್ಲ. ಅಮೆರಿಕದಲ್ಲಿ 1826ರಲ್ಲಿ ಜೋಸಯ ಹಾಲ್‌ಬ್ರೂಕ್ ಆರಂಭಿಸಿದ ಲೈಸಿಯಂ ಚಳವಳಿಯಿಂದ ಊರೂರಿನಲ್ಲಿ ಉಪನ್ಯಾಸಗಳು ನಡೆಯತೊಡಗಿದ ಮೇಲೆ ಇದೇ ಲೆಕ್ಕವನ್ನು ಅನೇಕರು ಹಾಕಿದ್ದಾರೆ. ರಾಲ್ಫ್ ವಾಲ್ಡೊ ಎಮರ್ಸನ್ ಬಾಸ್ಟನ್ನಿನಲ್ಲಿ ಚರ್ಚಿನ ಪಾದ್ರಿಯಾಗಿದ್ದವರು. 1832ರಲ್ಲಿ ಆ ಹುದ್ದೆ ಬಿಟ್ಟರು, 1833ರಲ್ಲಿ ಉಪನ್ಯಾಸ ಶುರುಮಾಡಿದರು, ಬದುಕಿನುದ್ದಕ್ಕೂ ಸುಮಾರು 1,500 ಉಪನ್ಯಾಸ ಕೊಟ್ಟರು. ಧೈರ್ಯವಾಗಿ ಹುದ್ದೆ ಬಿಟ್ಟವರ ಕಥೆಯಾಗಿ ಇದನ್ನು ಹೇಳುವುದುಂಟು. ತೀರಿಹೋದ ಮೊದಲ ಹೆಂಡತಿಯ ಆಸ್ತಿಯಿಂದ ಅವರಿಗೆ ಮುಂದೆ ವರ್ಷ ವರ್ಷವೂ ಖಚಿತ ವರಮಾನ ಬರತೊಡಗಿತ್ತು ಎಂಬುದನ್ನು ಜೊತೆಗೆ ಹೇಳುವವರು ಕಡಿಮೆ.

ಮಾರ್ಕ್ ಟ್ವೇನ್ ಅವರದು ಇನ್ನೊಂದು ಬಗೆ. ಪತ್ರಿಕೆಯ ವರದಿಗಾರರಾಗಿ ಹವಾಯಿ ದ್ವೀಪಗಳಿಗೆ ಹೋಗಿ ಬಂದವರು 1866ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಾವೇ ಸಭಾಂಗಣ ಗೊತ್ತುಮಾಡಿ, ಟಿಕೆಟ್ ಇಟ್ಟು, ಆ ದ್ವೀಪಗಳ ಬಗ್ಗೆಯೇ ಮಾತನಾಡಿದರು. ಬರೆಯುವುದನ್ನು ಅವರು ನಿಲ್ಲಿಸಲಿಲ್ಲ. ಸುಮಾರು ಮೂವತ್ತು ವರ್ಷದ ನಂತರ, ವ್ಯವಹಾರದಲ್ಲಿ ದಿವಾಳಿಯಾಗಿ, 1895-96ರಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಉಪನ್ಯಾಸ ಪ್ರವಾಸ ಮಾಡಿದರು. 1898ರ ಹೊತ್ತಿಗೆ ಸಾಲ ತೀರಿಸಿದರು. ಆದರೆ ಆಗ ಟಿಕೆಟ್ ಮಾರಿದ್ದು ಅದಾಗಲೇ ಜಗತ್ತೆಲ್ಲ ಬಲ್ಲ ಹೆಸರು. ಸಾಲದ ಒತ್ತಡದಲ್ಲಿ ಹೊಸಬರು ಈ ದಾರಿಗೆ ಇಳಿದರೆ ಆಗುವುದು ಬೇರೆ: ಸಿಕ್ಕಿದ ವೇದಿಕೆಯನ್ನೆಲ್ಲ ಒಪ್ಪುತ್ತಾರೆ, ಸಂಭಾವನೆಯನ್ನು ಇಳಿಸುತ್ತಾರೆ, ಒಮ್ಮೆ ಇಳಿಸಿದ್ದನ್ನು ಮೇಲೇರಿಸಲು ವರ್ಷಗಟ್ಟಲೆ ಹಿಡಿಯುತ್ತದೆ.

ಪೂರ್ತಿ ಬಿಡುವವರು ಮೊದಲು ಸಮಯದ ಲೆಕ್ಕ ಹಾಕಬೇಕು. ಒಂದು ಗಂಟೆಯ ಭಾಷಣ ಒಂದು ಗಂಟೆಯ ಕೆಲಸವಲ್ಲ. ಇಂಗ್ಲಿಷಿನಲ್ಲಿ ಭಾಷಣಕಾರರು ಸಾಮಾನ್ಯವಾಗಿ ನಿಮಿಷಕ್ಕೆ 130ರಿಂದ 150 ಪದ ಆಡುತ್ತಾರೆ; ಅಂದರೆ ಒಂದು ಗಂಟೆಗೆ 8,000 ಪದಗಳ ಆಸುಪಾಸು, ಒಂದು ಸಣ್ಣ ಪುಸ್ತಿಕೆಯಷ್ಟು. ಅದನ್ನು ಕಟ್ಟಬೇಕು, ಬಾಯಿಗೆ ಒಗ್ಗಿಸಬೇಕು. ವಿಚಾರಣೆಯ ಕರೆ, ಸಂಘಟಕರೊಂದಿಗೆ ಮಾತುಕತೆ, ಹೋಗುವ ಪ್ರಯಾಣ, ಮೈಕು ಮತ್ತು ಪರದೆಯ ಪರೀಕ್ಷೆ, ಭಾಷಣ, ಬರುವ ಪ್ರಯಾಣ, ಬಿಲ್ಲು, ಬಿಲ್ಲಿನ ಹಿಂದೆ ಬಿದ್ದು ನೆನಪಿಸುವುದು ಇವೆಲ್ಲ ಸೇರಿದರೆ ಹಳೆಯ ಭಾಷಣವೂ ಮೂರು ದಿನ ತಿನ್ನುತ್ತದೆ. ಮಿಕ್ಕ ದಿನಗಳು ಮುಂದಿನ ಕಾರ್ಯಕ್ರಮ ಹುಡುಕಲು. ವೇದಿಕೆಯ ಮೇಲೆ ಕಳೆಯುವ ಹೊತ್ತು ಈ ಕಸುಬಿನ ಅತಿ ಚಿಕ್ಕ ಭಾಗ. ಮಾರಾಟವೆಂದರೆ ಮುಖ ಸಿಂಡರಿಸುವವರು ಇದಕ್ಕೆ ಪೂರ್ಣಾವಧಿ ಇಳಿಯಬಾರದು.

ಸಮ್ಮೇಳನಗಳು ವರ್ಷವಿಡೀ ಸಮನಾಗಿ ಹಂಚಿಕೊಂಡು ಬರುವುದೂ ಇಲ್ಲ. ಕೆಲವು ತಿಂಗಳು ಒಂದೇ ದಿನಾಂಕಕ್ಕೆ ಎರಡು ಆಹ್ವಾನ, ಕೆಲವು ತಿಂಗಳು ಒಂದೂ ಇಲ್ಲ. 2020ರಲ್ಲಿ ಕೋವಿಡ್‌ನಿಂದಾಗಿ ಸಭಾಂಗಣಗಳು ಮುಚ್ಚಿದಾಗ ಭಾಷಣವೊಂದನ್ನೇ ನಂಬಿದವರ ವರಮಾನ ರಾತ್ರೋರಾತ್ರಿ ನಿಂತಿತು.

ಹಣಕ್ಕಿಂತ ಮೆಲ್ಲಗೆ ಕರಗುವ ಇನ್ನೊಂದು ಆಸ್ತಿ ಇದೆ, ಅದು ನಿಮ್ಮ ಅಧಿಕಾರವಾಣಿ. ಇಂದು ನೀವು 'ನಿನ್ನೆ ನಮ್ಮ ತುರ್ತು ಚಿಕಿತ್ಸಾ ವಿಭಾಗದಲ್ಲಿ' ಎಂದು ಮಾತು ಶುರುಮಾಡಬಲ್ಲಿರಿ. ಬಿಟ್ಟ ಐದು ವರ್ಷಕ್ಕೆ ಅದು 'ನಾನು ಆಸ್ಪತ್ರೆಯಲ್ಲಿದ್ದಾಗ' ಎಂದಾಗುತ್ತದೆ. ಸಾಹಸ, ಕ್ರೀಡೆ, ಯುದ್ಧದ ಅನುಭವ ಹೇಳುವವರಿಗೆ ಇದರಿಂದ ಅಷ್ಟು ನಷ್ಟವಿಲ್ಲ, ನಡೆದದ್ದು ನಡೆದದ್ದೇ. ವೈದ್ಯಕೀಯ, ತೆರಿಗೆ, ಕಾನೂನು, ತಂತ್ರಾಂಶಗಳಂತೆ ವರ್ಷ ವರ್ಷವೂ ಬದಲಾಗುವ ಕ್ಷೇತ್ರದವರಿಗೆ ಇದು ಪೆಟ್ಟು. ಹಾಗಾಗಿ ಇಂತಹ ಕ್ಷೇತ್ರದವರಿಗೆ ನನ್ನ ಸಲಹೆ ಅರ್ಧ ಬಿಡುವುದೇ: ವಾರದಲ್ಲಿ ಎರಡು ಮೂರು ದಿನ ವೃತ್ತಿ, ಉಳಿದದ್ದು ಭಾಷಣ. ಈ ಮಧ್ಯದ ದಾರಿಗೂ ಅದರದೇ ಕಿರಿಕಿರಿ ಇದೆ. ಭಾಷಣದ ದಿನಾಂಕ ಎಂದೂ ನಿಮ್ಮ ಬಿಡುವಿನ ದಿನವೇ ಬರುವುದಿಲ್ಲ, ನಿಮ್ಮ ಬದಲಿಗೆ ಡ್ಯೂಟಿ ಮಾಡುವ ಸಹೋದ್ಯೋಗಿಯ ತಾಳ್ಮೆಗೆ ಮಿತಿ ಇದೆ.

ಬಿಡದೆಯೇ ಮಾಡುವವರು ವರ್ಷಕ್ಕೆ ಕೆಲವೇ ಕಾರ್ಯಕ್ರಮ ಒಪ್ಪುತ್ತಾರೆ, ಅದಕ್ಕೇ ಅವರಿಗೆ ಚೌಕಾಸಿಯ ಬಲ ಹೆಚ್ಚು. ಬೇಡ ಎನ್ನುವ ಸ್ವಾತಂತ್ರ್ಯ ಇದ್ದವರ ಸಂಭಾವನೆ ತಾನಾಗಿಯೇ ಏರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆದರೆ ಇವರಿಗೆ ಮಾಲೀಕರ ಒಪ್ಪಿಗೆ ಬೇಕು, ಅದೂ ಬರಹದಲ್ಲಿ. ನೌಕರಿಯ ಕರಾರಿನಲ್ಲಿ ಹೊರಗಿನ ಗಳಿಕೆಗೆ ತಡೆ ಇದೆಯೇ, ಕಚೇರಿಯ ಹೆಸರು ಹೇಳಿಕೊಳ್ಳಬಹುದೇ, ನೀವು ತಯಾರಿಸಿದ ಸ್ಲೈಡುಗಳು ಯಾರ ಸ್ವತ್ತು ಎಂಬ ಮೂರನ್ನೂ ಮೊದಲೇ ಕೇಳಿಕೊಳ್ಳುವುದು ವಾಸಿ. ಸರ್ಕಾರಿ ನೌಕರರಿಗೆ ಸಾಮಾನ್ಯವಾಗಿ ನಡತೆಯ ನಿಯಮಗಳು ಇನ್ನಷ್ಟು ಬಿಗಿ.

ವೈದ್ಯರಿಗೆ ಒಂದು ಪ್ರತ್ಯೇಕ ಎಚ್ಚರಿಕೆ. ಔಷಧ ಕಂಪನಿಗಳು ಕೊಡುವ ಭಾಷಣದ ಹಣ ಸುಲಭದ ದಾರಿಯಂತೆ ಕಾಣುತ್ತದೆ. ಅಮೆರಿಕದಲ್ಲಿ 2010ರ ಕಾನೂನಿನ ಪ್ರಕಾರ ಕಂಪನಿಗಳು ವೈದ್ಯರಿಗೆ ಕೊಟ್ಟ ಇಂತಹ ಹಣವನ್ನು ಸರ್ಕಾರಕ್ಕೆ ವರದಿ ಮಾಡಬೇಕು, ಅದು ಸಾರ್ವಜನಿಕರಿಗೆ ನೋಡಲು ಸಿಗುತ್ತದೆ. 2020ರ ನವೆಂಬರಿನಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಇಂತಹ ಭಾಷಣ ಕಾರ್ಯಕ್ರಮಗಳ ಬಗ್ಗೆಯೇ ವಿಶೇಷ ಎಚ್ಚರಿಕೆ ಹೊರಡಿಸಿತು. ಕಾನೂನು ಹಾಗಿರಲಿ, ಔಷಧ ಕಂಪನಿಯ ಮಾತುಗಾರರೆಂದು ಒಮ್ಮೆ ಗುರುತು ಬಿದ್ದವರನ್ನು ಬೇರೆ ಸಂಘಟಕರು ಕರೆಯಲು ಅಳುಕುತ್ತಾರೆ.

ಏಜೆನ್ಸಿಯೋ, ಸ್ವಂತ ಓಡಾಟವೋ?

ಭಾಷಣಕಾರರನ್ನು ಒದಗಿಸುವ ಏಜೆನ್ಸಿಗಳೂ ಹೊಸವಲ್ಲ. ಜೇಮ್ಸ್ ರೆಡ್‌ಪಾತ್ ಬಾಸ್ಟನ್ನಿನಲ್ಲಿ 1868ರಲ್ಲೇ ಒಂದನ್ನು ತೆರೆದಿದ್ದರು. ಇಂದು ಅವು ಸಾಮಾನ್ಯವಾಗಿ ಸಂಭಾವನೆಯ 20ರಿಂದ 30 ಪ್ರತಿಶತ ಕಮಿಷನ್ ಪಡೆಯುತ್ತವೆ. ಹೊಸಬರು ತಪ್ಪು ತಿಳಿಯುವುದು ಇಲ್ಲಿ: ಏಜೆನ್ಸಿಯು ತಮಗಾಗಿ ಕೆಲಸ ಹುಡುಕುತ್ತದೆ ಎಂದುಕೊಳ್ಳುತ್ತಾರೆ. ಅದರ ನಿಜವಾದ ಗಿರಾಕಿ ಸಂಘಟಕರು. ಸಂಘಟಕರು ಕೇಳಿದ ಹೆಸರನ್ನು ಅದು ತಂದುಕೊಡುತ್ತದೆ. ಯಾರೂ ಕೇಳದ ಹೆಸರನ್ನು ಮುಂದೆ ತಳ್ಳುವುದರಲ್ಲಿ ಅದಕ್ಕೆ ಲಾಭವಿಲ್ಲ. ಆದ್ದರಿಂದ ಏಜೆನ್ಸಿ ಎರಡನೆಯ ಹಂತದ ಮಾತು. ತಾವಾಗಿಯೇ ಬರುವ ಆಹ್ವಾನಗಳು ಕೈ ಮೀರಿದಾಗ ಅದು ಉಪಯೋಗಕ್ಕೆ ಬರುತ್ತದೆ, ಆಗಲೂ ಎಲ್ಲ ಕಾರ್ಯಕ್ರಮಗಳೂ ತಮ್ಮ ಮೂಲಕವೇ ಆಗಬೇಕೆನ್ನುವ ಕರಾರಿಗೆ ಬೇಗ ಸಹಿ ಹಾಕಬೇಡಿ. ಪಟ್ಟಿಯಲ್ಲಿ ಹೆಸರು ಸೇರಿಸಲು ಮುಂಗಡ ಹಣ ಕೇಳುವ ಏಜೆನ್ಸಿಯಿಂದ ದೂರವಿರಿ. ಅದರ ಆದಾಯ ಭಾಷಣಗಳಿಂದ ಬರುವುದಲ್ಲ, ಭಾಷಣಕಾರರಾಗಲು ಹೊರಟವರಿಂದ ಬರುವುದು.

ಸಂಘಗಳನ್ನೂ ಹೀಗೆಯೇ ಬೇರ್ಪಡಿಸಿ ನೋಡಬೇಕು. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳು ಅಭ್ಯಾಸಕ್ಕೆ. ಐದರಿಂದ ಏಳು ನಿಮಿಷದ ಭಾಷಣ ಮಾಡಿ, ಎದುರಿಗೇ ತಪ್ಪುಒಪ್ಪು ಕೇಳಿಸಿಕೊಳ್ಳಲು ಅದಕ್ಕಿಂತ ಕಡಿಮೆ ಖರ್ಚಿನ ಜಾಗ ಸಿಗದು. ಆದರೆ ಅಲ್ಲಿ ಪ್ರಶಸ್ತಿ ಗೆದ್ದ ಮಾತ್ರಕ್ಕೆ ಸಂಘಟಕರು ಹಣ ಕೊಡುವುದಿಲ್ಲ. 1973ರಲ್ಲಿ ಕ್ಯಾವೆಟ್ ರಾಬರ್ಟ್ ಕಟ್ಟಿದ ಅಮೆರಿಕದ ನ್ಯಾಷನಲ್ ಸ್ಪೀಕರ್ಸ್ ಅಸೋಸಿಯೇಷನ್ ಮತ್ತು ಬೇರೆ ದೇಶಗಳ ಅಂತಹ ಸಂಘಗಳು ವ್ಯವಹಾರ ಕಲಿಯಲು. ಅವು ಕೊಡುವ ವೃತ್ತಿಪರ ಮಾನ್ಯತೆಗೆ ಹಣ ಪಡೆದು ಮಾಡಿದ ಭಾಷಣಗಳ ದಾಖಲೆಯನ್ನು ಕೇಳುತ್ತಾರೆ, ಹಾಗಾಗಿ ಮೊದಲ ವರ್ಷದವರಿಗೆ ಅದು ಎಟುಕುವುದಲ್ಲ.

ಸ್ವಂತ ಓಡಾಟವೇ ಆಯ್ದುಕೊಂಡರೆ ನಿಮ್ಮ ಪರವಾಗಿ ಓಡಾಡುವುದು ವಿಡಿಯೊ. ಸಮಿತಿಯಲ್ಲಿ ನಾವು ಅರ್ಜಿಗಳನ್ನು ನೋಡುತ್ತಿದ್ದ ರೀತಿ ಹೇಳಿದರೆ ಅರ್ಜಿದಾರರಿಗೆ ನೋವಾದೀತು. ಪರಿಚಯಪತ್ರದ ಮೇಲೆ ಸುಮ್ಮನೆ ಕಣ್ಣಾಡಿಸುತ್ತಿದ್ದೆವು, ವಿಡಿಯೊ ಹಾಕುತ್ತಿದ್ದೆವು, ಮೊದಲ ಒಂದೆರಡು ನಿಮಿಷದಲ್ಲಿ ಮಾತಿಗೆ ಬರದವರನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆವು. ಸಂಗೀತ ಸೇರಿಸಿ, ಚಪ್ಪಾಳೆ ಸೇರಿಸಿ, ಎರಡೆರಡು ಸೆಕೆಂಡಿನ ತುಣುಕುಗಳನ್ನು ಪೋಣಿಸಿದ ವಿಡಿಯೊಗಳ ಮೇಲೆ ನಮಗೆ ನಂಬಿಕೆಯೇ ಇರಲಿಲ್ಲ. ಕೇಳುಗರ ತಲೆಗಳು ಕಾಣುವಂತೆ, ನಡುವೆ ಕತ್ತರಿ ಹಾಕದ ಹತ್ತು ನಿಮಿಷ ಇದ್ದರೆ ಸಾಕು. ಕ್ಯಾಮೆರಾ ಸಾಧಾರಣವಾಗಿದ್ದರೂ ನಡೆಯುತ್ತದೆ, ಧ್ವನಿ ಮಾತ್ರ ಸ್ಪಷ್ಟವಿರಬೇಕು.

ಬಿಟ್ಟಿ ಭಾಷಣವೋ, ಸಂಭಾವನೆಯೋ?

ಅಂತರ್ಜಾಲದಲ್ಲಿ ಹಾಕುವ ಭಾಷಣದ ವಿಡಿಯೊಗಳಿಂದ ಹೆಸರಾದ ಟೆಡ್ ವೇದಿಕೆ ಭಾಷಣಕಾರರಿಗೆ ಸಂಭಾವನೆ ಕೊಡುವುದಿಲ್ಲ. 18 ನಿಮಿಷದ ಮಿತಿ ಮೀರಲೂ ಬಿಡುವುದಿಲ್ಲ. ಆದರೂ ಜನ ಮುಗಿಬೀಳುತ್ತಾರೆ, ಯಾಕೆಂದರೆ ಅಲ್ಲಿ ಸಿಗುವ ವಿಡಿಯೊ ಸಂಭಾವನೆಗಿಂತ ಬೆಲೆಬಾಳುತ್ತದೆ. ಬಿಟ್ಟಿ ಎಂದರೆ ಏನೂ ಪಡೆಯದಿರುವುದು ಎಂದಾಗಬಾರದು. ಪೂರ್ತಿ ಧ್ವನಿಮುದ್ರಣ, ಬರಹದಲ್ಲಿ ಶಿಫಾರಸು, ಅಥವಾ ನಿಮ್ಮನ್ನು ಮುಂದೆ ಹಣ ಕೊಟ್ಟು ಕರೆಸಬಲ್ಲವರು ಸಭೆಯಲ್ಲಿ ಕೂತಿರುವುದು, ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಅದು ಸಮಾಜಸೇವೆ. ಸಮಾಜಸೇವೆ ಮಾಡಬಾರದೆಂದಲ್ಲ, ಅದನ್ನು ವ್ಯಾಪಾರದ ಹೂಡಿಕೆ ಎಂದು ಲೆಕ್ಕಕ್ಕೆ ಬರೆದುಕೊಳ್ಳಬಾರದು.

ಮೊದಲ ಸಲ ಹಣದ ಮಾತು ಬರುವುದು ಬಹುಪಾಲು ಫೋನಿನಲ್ಲಿ. ಸಂಘಟಕರು ಕೇಳುತ್ತಾರೆ: "ನಿಮ್ಮ ಸಂಭಾವನೆ ಎಷ್ಟಾಗಬಹುದು?" ಇದುವರೆಗೆ ಸಂಬಳವೇ ಪಡೆದವರ ಬಾಯಲ್ಲಿ ಬರುವ ಉತ್ತರ: "ಅಯ್ಯೋ, ನೀವು ಎಷ್ಟು ಕೊಟ್ಟರೂ ಆದೀತು." ಕೇಳಿದವರಿಗೆ ಇದು ಸೌಜನ್ಯವೆನಿಸುವುದಿಲ್ಲ, ಇವರನ್ನು ಇದುವರೆಗೆ ಯಾರೂ ಹಣ ಕೊಟ್ಟು ಕರೆಸಿಲ್ಲ ಎಂದು ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯದು: "ಕೇಳುಗರು ಯಾರು, ಎಷ್ಟು ಹೊತ್ತಿನ ಮಾತು, ಈ ಅವಧಿಗೆ ನೀವು ತೆಗೆದಿರಿಸಿದ ಮೊತ್ತ ಎಷ್ಟು ಎಂದು ಹೇಳಿ, ಸಂಜೆಯೊಳಗೆ ಬರೆದು ಕಳುಹಿಸುತ್ತೇನೆ." ಮೊತ್ತ ಕಡಿಮೆಯಿದ್ದರೆ ಸಂಭಾವನೆ ಇಳಿಸಬೇಡಿ, ಕೆಲಸ ಇಳಿಸಿ: ಅರ್ಧ ದಿನದ ಬದಲು ಒಂದು ಗಂಟೆ, ಹೊಸದಾಗಿ ಹೊಂದಿಸುವ ಬದಲು ಸಿದ್ಧವಿರುವ ಭಾಷಣ.

ಕರಾರು ಒಂದೇ ಪುಟದ್ದಾದರೂ ಇರಲಿ. ದಿನಾಂಕ ಕಾಯ್ದಿರಿಸಲು ಅರ್ಧ ಮೊತ್ತ ಮುಂಗಡ, ಉಳಿದದ್ದು ಭಾಷಣದ ದಿನದೊಳಗೆ ಎಂಬುದು ಈ ಕಸುಬಿನಲ್ಲಿ ಸಾಮಾನ್ಯ ರೂಢಿ. ಪ್ರಯಾಣ ಮತ್ತು ವಸತಿಯ ಖರ್ಚು ಸಂಭಾವನೆಯೊಳಗೋ ಹೊರಗೋ, ಕಾರ್ಯಕ್ರಮ ರದ್ದಾದರೆ ಮುಂಗಡ ಯಾರದು, ದಿನಾಂಕ ಮುಂದೆ ಹೋದರೆ ಏನು ಎಂದು ಬರೆದಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಧ್ವನಿಮುದ್ರಣದ ಹಕ್ಕು. ನಿಮ್ಮ ಇಡೀ ಭಾಷಣವನ್ನು ಸಂಘಟಕರು ಅಂತರ್ಜಾಲದಲ್ಲಿ ಹಾಕಿದರೆ ಮುಂದಿನವರು ಅದೇ ಭಾಷಣಕ್ಕೆ ಹಣ ಯಾಕೆ ಕೊಡಬೇಕು? ಐದು ನಿಮಿಷದ ತುಣುಕಿಗೆ ಅನುಮತಿ ಕೊಡಿ, ಪೂರ್ತಿ ಪ್ರತಿಯನ್ನು ನೀವು ಕೇಳಿ ಪಡೆಯಿರಿ.

ನೋಂದಣಿ ಅಥವಾ ಪರವಾನಗಿ ಬೇಕಾದ ವೃತ್ತಿಯವರು, ಅಂದರೆ ವೈದ್ಯರು, ವಕೀಲರು, ಲೆಕ್ಕಪರಿಶೋಧಕರು, ವಿಮಾನ ಚಾಲಕರು, ಪೂರ್ತಿ ಬಿಡಲು ನಿರ್ಧರಿಸಿದರೂ ಆ ನೋಂದಣಿ ಅಥವಾ ಪರವಾನಗಿಯನ್ನು ಕೂಡಲೇ ಮರಳಿಸಬೇಡಿ. ಎಷ್ಟು ಕಾಲ ವೃತ್ತಿ ನಡೆಸದಿದ್ದರೆ ಅದು ರದ್ದಾಗುತ್ತದೆ, ಕಾಯ್ದುಕೊಳ್ಳಲು ವರ್ಷಕ್ಕೆ ಎಷ್ಟು ಗಂಟೆಯ ಕಲಿಕೆ ತೋರಿಸಬೇಕು, ವಿಮಾನ ಚಾಲಕರಾದರೆ ವೈದ್ಯಕೀಯ ಪ್ರಮಾಣಪತ್ರದ ಗಡುವು ಯಾವಾಗ ಎಂಬುದನ್ನು ಆಯಾ ಮಂಡಳಿಯಿಂದ ಬರಹದಲ್ಲಿ ಪಡೆದು, ರಾಜೀನಾಮೆ ಪತ್ರ ಕೊಡುವ ಮುಂಚೆಯೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.